ಎರಡನೇ ಬ್ರೇಕು

ನನ್ನ ಗಂಡನಿಗೆ ಹೃದಯಾಘಾತವಾದದ್ದು ನನ್ನ ಮೈದುನನ ಪುಣ್ಯ. ಇಲ್ಲದಿದ್ದರೆ ಆ ಮಹಾಶಯ ತನ್ನ ಜ್ಞಾನವನ್ನೆಲ್ಲ ಯಾರ ತಲೆಗೆ ಸುರಿಯಬೇಕಿತ್ತು? ಎರಡು ತಿಂಗಳಿಂದ ಒಂದು ಭಾನುವಾರವೂ ತಪ್ಪದೆ ಬಂದು, ಸೋಫಾದ ತುಂಬ ಹರಡಿಕೊಂಡು, ಎಣ್ಣೆ, ಉಪ್ಪು, ಉಸಿರಾಟಗಳ ಮೇಲೆ ಭಾಷಣ ಬಿಗಿಯುತ್ತಿದ್ದ. ಹೊರಡುವಾಗ, ಕೋಪವೆಲ್ಲ ಇಳಿದು ಅಣ್ಣ ಋಷಿಯಾಗಿಬಿಟ್ಟ ಎಂದು ಸರ್ಟಿಫಿಕೇಟು ಬೇರೆ ಕೊಡುತ್ತಿದ್ದ.

ಋಷಿಯಂತೆ! ಇವರು ಮೂವತ್ತು ವರ್ಷ ಊರಿನವರಿಗೆಲ್ಲ ಕಾರು ಕಲಿಸಿದವರು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ, ಕಲಿಯುವವರು ಎಡವಟ್ಟು ಮಾಡಿದರೆ ಒತ್ತಲಿಕ್ಕೆ. ಅದನ್ನು ಒತ್ತಿ ಒತ್ತಿ ಇವರಿಗೆ ಬ್ರೇಕ್ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು. ಬೇರೆಯವರ ಕಾರಿನಲ್ಲಿ ಕೂತರೂ ಕಾಲು ಸುಮ್ಮನಿರುತ್ತಿರಲಿಲ್ಲ. ಟಿವಿಯೊಳಗೆ ಕಾರು ಜೋರಾಗಿ ತಿರುಗಿದರೆ ಟೀಪಾಯಿಯನ್ನೇ ಒದೆಯುತ್ತಿದ್ದರು, ಜೊತೆಗೆ ಡ್ರೈವರನಿಗೆ ನಾಲ್ಕು ಬೈಗುಳ.

ನಾನೇನೂ ಕಡಿಮೆಯವಳಲ್ಲ. ಈಗ ಸಪ್ಪೆ ಊಟ ಬಡಿಸಿದರೂ ತಕರಾರಿಲ್ಲ, ಮಲಗಿ ಎಂದರೆ ಮಲಗುತ್ತಾರೆ, ಮನೆ ತಣ್ಣಗಿದೆ ಎಂದು ಒಳಗೊಳಗೇ ಹಿಗ್ಗಿದ್ದೆ. ಬೆಳಿಗ್ಗೆ ಕೂತ ಕುರ್ಚಿಯಲ್ಲೇ ಸಂಜೆಯೂ ಕೂತಿರುತ್ತಿದ್ದರು. ಅದಕ್ಕೆ ನಾನು ವಿಶ್ರಾಂತಿ ಎಂದು ಹೆಸರಿಟ್ಟಿದ್ದೆ. ಥೂ ನನ್ನ ಬುದ್ಧಿಗೆ.

ಮೊನ್ನೆ ತಪಾಸಣೆಗೆ ಮೈದುನನ ಕಾರಿನಲ್ಲಿ ಹೊರಟೆವು. ಇವರು ಮುಂದೆ, ನಾನು ಹಿಂದೆ. ಇವರ ಶಿಷ್ಯರಲ್ಲೆಲ್ಲ ಶತದಡ್ಡ ಎಂದರೆ ಈ ತಮ್ಮನೇ. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದು ಕೈಯಲ್ಲಿ ಕೊಲೆಸ್ಟರಾಲಿನ ವಿವರಣೆ. ತಿರುವಿನಲ್ಲಿ ಎದುರಿಗೇ ಬಸ್ಸು ಬಂತು. ಜನ್ಮದಲ್ಲಿ ಕಾರು ಓಡಿಸದ ನನ್ನ ಕಾಲೂ ತಾನಾಗಿ ನೆಲ ಒತ್ತಿತು. ಸೀಟುಗಳ ನಡುವಿನಿಂದ ಇವರ ಕಾಲು ಕಾಣುತ್ತಿತ್ತು. ಅದು ಮ್ಯಾಟಿನ ಮೇಲೆ ಬಿದ್ದುಕೊಂಡೇ ಇತ್ತು. ಬಂದರೆ ಬರಲಿ ಎಂಬಂತೆ ಇವರು ಬಸ್ಸನ್ನೇ ನೋಡುತ್ತಿದ್ದರು.

ಹೇಗೋ ಕಾರನ್ನು ಪಕ್ಕಕ್ಕೆ ಎಳೆದುಕೊಂಡು ಪಾರಾದ ಮೈದುನ, ಅಣ್ಣ ಒಂದು ಮಾತೂ ಬೈಯಲಿಲ್ಲವೆಂದು ಬೀಗಿದ. ನಾನು ಮಾತ್ರ ಆಸ್ಪತ್ರೆ ಬರುವವರೆಗೂ ಆ ಕಾಲನ್ನೇ ನೋಡುತ್ತಿದ್ದೆ.

ಡಾಕ್ಟರು ರಿಪೋರ್ಟು ನೋಡಿ ಹೃದಯ ಚೆನ್ನಾಗಿದೆ ಎಂದರು. ನಿದ್ದೆ ಹೇಗೆ, ಊಟ ಹೇಗೆ ಎಂದು ಕೇಳಿದ್ದಕ್ಕೆಲ್ಲ ಮೈದುನನೇ ಉತ್ತರಿಸಿದ, ಕಾಯಿಲೆ ಬಿದ್ದವನು ತಾನೇ ಎಂಬ ಹಾಗೆ. ನನಗೆ ಮೈಯೆಲ್ಲ ಉರಿಯಿತು.

"ನೀನು ಸ್ವಲ್ಪ ಬಾಯಿ ಮುಚ್ಕೊಂಡಿರು" ಎಂದೆ. "ಡಾಕ್ಟ್ರೇ, ದಾರೀಲಿ ಎದುರಿಗೆ ಬಸ್ ಬಂತು. ಇವರು ಬ್ರೇಕ್ ಒತ್ತಲಿಲ್ಲ."

ಅಣ್ಣ ಕೂತ ಕಡೆ ಬ್ರೇಕೇ ಇಲ್ಲವಲ್ಲ ಎಂದು ಮೈದುನ ನಕ್ಕ. ನಾನು ಆ ಕಾಲಿನ ಕಥೆಯನ್ನೆಲ್ಲ ಹೇಳಿದೆ. ಡಾಕ್ಟರು ನಗಲಿಲ್ಲ. ರಿಪೋರ್ಟು ಬದಿಗಿಟ್ಟು, ಏನಾಯಿತು ಎಂದು ಮೊದಲ ಸಲ ಇವರನ್ನೇ ಕೇಳಿದರು.

ಇವರು ತಮ್ಮ ಚಪ್ಪಲಿಯನ್ನೇ ನೋಡುತ್ತ ಬಾಯಿಬಿಟ್ಟರು.

"ಬಸ್ ಕಾಣಿಸ್ತು. ಒತ್ತಬೇಕು ಅನ್ನಿಸ್ಲಿಲ್ಲ" ಎಂದರು. "ಇವಳು ಹಿಂದೆ ಕೂತಿದ್ದಾಳೆ ಅನ್ನೋದೂ ನೆನಪಾಗ್ಲಿಲ್ಲ."

ಹಾಗೆಂದವರು ಅಳತೊಡಗಿದರು. ಅಳಬಾರದು, ಹಾರ್ಟಿಗೆ ಒಳ್ಳೆಯದಲ್ಲ ಎಂದು ಮೈದುನ ಶುರುಮಾಡಿದ. ನಾನು ಅವನ ಕೈಯಿಂದ ಫೈಲು ಕಿತ್ತುಕೊಂಡು, ಹೊರಗೆ ಹೋಗಿ ಕೂರು ಎಂದೆ. ಹೋದ. ನಾನು ಇವರ ಪಕ್ಕದ ಕುರ್ಚಿಗೆ ಬಂದು ಕೂತೆ.