ಹುಳಿ ಬಾರದ ಹಿಟ್ಟು

ವಡೋದರಾದ ಕೊಯಾಲಿ ರಸ್ತೆಯಲ್ಲಿ ಉಡುಪಿ ಹೋಟೆಲು ನಡೆಸುವ ದಾಮೋದರನ ಮಗಳು ಅನುಷಾ ಸೊರಗುತ್ತಿದ್ದಳು. ಒಂಬತ್ತು ವರ್ಷದ ಹುಡುಗಿಗೆ ಊಟ ರುಚಿಸದು, ಮಂಡಿಯ ತರಚುಗಾಯ ಒಣಗದು, ಬಾಚಿದರೆ ಬಾಚಣಿಗೆ ತುಂಬ ಕೂದಲು. ಊರಿಗೆಲ್ಲ ಬಡಿಸುವವನ ಮಗಳೇ ಹೀಗಾದರೆ ಜನ ಆಡಿಕೊಳ್ಳದೆ ಬಿಡುತ್ತಾರೆಯೇ?

ರಕ್ತ ಪರೀಕ್ಷೆಯ ವರದಿ ನೋಡಿದ ಡಾಕ್ಟರಮ್ಮ ಮೈಯಲ್ಲಿ ಜಿಂಕ್ ತೀರಾ ಕಡಿಮೆಯಿದೆ ಎಂದರು. ಮೀನು ಮಾಂಸ ಮುಟ್ಟದ ಮನೆ ಎಂದು ತಿಳಿದು ಹಿಂದಿಯಲ್ಲಿ ಬಿಡಿಸಿ ಹೇಳಿದರು: ಕಾಳು ಬೇಳೆಗಳಲ್ಲಿ ಜಿಂಕ್ ಇದ್ದರೂ ಅವುಗಳಲ್ಲೇ ಇರುವ ಇನ್ನೊಂದು ಅಂಶ ಅದನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ನೆನೆಸಿ ಮೊಳಕೆ ಬರಿಸಿದರೆ, ರುಬ್ಬಿ ಹುಳಿ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ.

ಅನುಷಾಳ ತಾಯಿ ಸರಸ್ವತಿಯ ಮುಖ ಅರಳಿತು. ಇವಳು ದಿನಾ ಎರಡು ಹೊತ್ತು ತಿನ್ನುವುದು ಅಪ್ಪನ ಹೋಟೆಲಿನ ಇಡ್ಲಿಯನ್ನೇ, ಹಿಟ್ಟು ರಾತ್ರಿಯಿಡೀ ಹುಳಿ ಬಂದಿರುತ್ತದೆ ಎಂದು ಡಾಕ್ಟರಿಗೆ ಹೇಳಿ, ಗಂಡನತ್ತ ತಿರುಗಿದಳು. "ನಿಮ್ಮ ಇಡ್ಲಿ ಒಂದು ಇಲ್ಲದಿದ್ರೆ ಇದರ ಅವಸ್ಥೆ ಎಂತ ಆಗ್ತಿತ್ತೋ!"

ದಾಮೋದರ ನೆಲ ನೋಡಿದ. ಹೋದ ಚಳಿಗಾಲದಲ್ಲಿ ಹಿಟ್ಟು ಉಬ್ಬದೆ ಎರಡು ದಿನ ಗಿರಾಕಿಗಳು ಎದ್ದುಹೋದಾಗ ಅವನು ಪ್ಯಾಕೆಟ್ಟಿನ ಒಣ ರೆಡಿ ಹಿಟ್ಟು ತರಿಸಿ, ಮೊಸರು ಕಲಸಿ, ಸೋಡಾ ಸುರಿದಿದ್ದ. ಇಡ್ಲಿ ಹತ್ತಿಯಂತೆ ಉಬ್ಬಿತು. ಚಳಿ ಹೋಯಿತು, ಸೋಡಾ ಉಳಿಯಿತು. ಹುಳಿಯೇ ಇಲ್ಲವಲ್ಲ ಎಂದು ಸರಸ್ವತಿ ಕೇಳಿದ್ದಕ್ಕೆ, ಇಲ್ಲಿಯ ಹವೆಯೇ ಹಾಗೆ ಎಂದು ಬಾಯಿ ಮುಚ್ಚಿಸಿದ್ದ. ಈಗ ಸುಮ್ಮನಿದ್ದು ನಾಳೆಯಿಂದ ಅಕ್ಕಿ ಉದ್ದು ನೆನೆಸಿದರಾಯಿತು, ಯಾರಿಗೆ ತಿಳಿಯುತ್ತದೆ ಎಂದುಕೊಂಡ. ಹಾಗೆಂದುಕೊಂಡದ್ದಕ್ಕೇ ಅವನಿಗೆ ನಾಚಿಕೆಯಾಯಿತು.

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ದಿನಾ ಹುಳಿ ಬಂದ ಇಡ್ಲಿ ತಿಂದೂ ಹೀಗಾದರೆ ತೊಂದರೆ ಕರುಳಿನದೇ ಇರಬೇಕು. ಅಹಮದಾಬಾದಿನ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ, ಗಂಟಲಲ್ಲಿ ನಳಿಕೆ ಇಳಿಸಿ ನೋಡಲಿ ಎಂದರು.

ಅನುಷಾ ಅಪ್ಪನ ಅಂಗಿ ಹಿಡಿದುಕೊಂಡು, "ಪಪ್ಪಾ, ನಂಗೆ ಪೈಪ್ ಬೇಡ" ಎಂದಳು.

"ಬರೆಯಬೇಡಿ ಡಾಕ್ಟರ್," ಎಂದ ದಾಮೋದರ. "ಅದು ಹುಳಿ ಬಂದ ಹಿಟ್ಟಲ್ಲ. ಸೋಡಾ ಹಾಕಿದ್ದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬಯ್ಯಲಿಲ್ಲ. ಮಾತ್ರೆಯ ಜೊತೆ ಊಟದ ಕ್ರಮ ಬದಲಿಸಿ ಮೊದಲು ನೋಡೋಣ ಎಂದಷ್ಟೇ ಅಂದರು. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಹೊರಗೆ ಸ್ಕೂಟರಿನ ಹತ್ತಿರ ಬಂದರು. ಮಗಳನ್ನು ಅದರ ಮುಂಭಾಗದಲ್ಲಿ ನಿಲ್ಲಿಸಿ ಸರಸ್ವತಿ ಕೇಳಿದಳು. "ಒಂದು ಹೇಳಿ. ನೀವು ಬೆಳಿಗ್ಗೆ ಹೋಟ್ಲಲ್ಲಿ ಅದನ್ನೇ ತಿಂತಿದ್ರಾ?"

ಅವನು ದಿನಾ ಎದುರಿನ ಅಂಗಡಿಯ ಮೆಂತ್ಯಸೊಪ್ಪಿನ ರೊಟ್ಟಿ, ಥೇಪ್ಲಾ, ತಿನ್ನುತ್ತಿದ್ದ. ಸೋಡಾ ಹಾಕಿದ್ದು ತಿಂದರೆ ಅವನಿಗೆ ಎದೆಯುರಿ ಬರುತ್ತಿತ್ತು.

"ಇಲ್ಲ," ಎಂದ.