ಹದಿನಾಲ್ಕನೆಯ ಟವೆಲ್ಲು

ಹಿಮ್ಮಡಿಯನ್ನು ಇನ್ನಷ್ಟು ಉಜ್ಜಬೇಕೋ ಸಾಕೋ ತಿಳಿಯಲಿಲ್ಲ. ಜಸ್ಟೀನಾ ರೆಂಪೆಲ್ ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕುಳಿತು ಕಾಲನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಉಗುರು ಕತ್ತರಿಸಿಯಾಗಿತ್ತು. ಬಿರುಕುಗಳಿಗೆ ಮೂರು ದಿನದಿಂದ ಮುಲಾಮು ಹಚ್ಚಿಯಾಗಿತ್ತು. ಇಪ್ಪತ್ತಾರು ಮೂಳೆಗಳ ಒಂದು ಅಂಗ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳಿಗೆ ಅವುಗಳ ಹೆಸರೆಲ್ಲ ಬಾಯಿಪಾಠ. ಅದರಿಂದ ಈಗ ಏನೂ ಉಪಯೋಗವಿರಲಿಲ್ಲ.

ಕಾಲು ತೊಳೆಸಿಕೊಳ್ಳಲು ಹೋಗುವವರು ಕಾಲು ತೊಳೆದುಕೊಂಡೇ ಹೋಗುತ್ತಾರೆ. ಈ ಊರಿನಲ್ಲಿ ಅದು ಹೇಳಿಕೊಡಬೇಕಾದ ವಿಷಯವಲ್ಲ. ಇಷ್ಟು ಹೊತ್ತಿಗೆ ಮನೆಮನೆಯಲ್ಲೂ ಹೆಂಗಸರು ಸೋಪು ಹಿಡಿದು ಬಗ್ಗಿರುತ್ತಾರೆ. ಕೊಳೆ ಕಾಲನ್ನು ಇನ್ನೊಬ್ಬರ ಕೈಗೆ ಕೊಡುವುದುಂಟೇ ಎಂದು ಅಮ್ಮ ಚಿಕ್ಕಂದಿನಲ್ಲಿ ಇವಳ ಬೆರಳಸಂದಿಗಳನ್ನೂ ಬಿಡದೆ ತಿಕ್ಕುತ್ತಿದ್ದಳು. ಯೇಸು ಶಿಷ್ಯರ ಕಾಲು ತೊಳೆದ ನೀರು ಕೆಸರಾಗಿದ್ದಿರಬೇಕು. ಇಲ್ಲಿನ ನೀರು ಕುಡಿಯುವಷ್ಟು ತಿಳಿಯಾಗಿರುತ್ತದೆ.

ಈ ವರ್ಷ ಬಿಸಿನೀರಿನ ಹೂಜಿ ಮುಟ್ಟುವುದಿಲ್ಲ ಎಂದುಕೊಂಡಳು. ಗಟ್ಟಿಯಾಗಿ ಹೇಳಿಯೂ ನೋಡಿದಳು. ಸ್ನಾನದ ಮನೆಯಲ್ಲಿ ಆ ದನಿ ಬೇರೆ ಯಾರದೋ ಅನ್ನಿಸಿತು.

ಹನ್ನೊಂದು ವರ್ಷದಿಂದ ಹೀಗೇ. ಶುಭ ಶುಕ್ರವಾರದ ಬೆಳಗಿನ ಆರಾಧನೆ ಮುಗಿದ ಮೇಲೆ ಗಂಡಸರು ಚರ್ಚಿನ ಮಹಡಿಯಲ್ಲಿ, ಹೆಂಗಸರು ನೆಲಮಾಳಿಗೆಯಲ್ಲಿ, ಇಬ್ಬಿಬ್ಬರಾಗಿ ಎದುರುಬದುರು ಕುಳಿತು ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆಯುತ್ತಾರೆ. ತೊಳೆದು, ಒರೆಸಿ, ತಬ್ಬಿಕೊಂಡು ಕೆನ್ನೆಗೆ ಮುತ್ತಿಡುತ್ತಾರೆ. ಆ ಹೊತ್ತಿನಲ್ಲಿ ಬಿಸಿನೀರು ಹೊತ್ತು ಓಡಾಡುವವಳು ಜಸ್ಟೀನಾ. ಕೊನೆಯಲ್ಲಿ ಯಾರಾದರೂ ತನ್ನನ್ನೂ ಕೂರಿಸಬಹುದೆಂದು ಮೊದಲೆರಡು ವರ್ಷ ಕಾದಳು. ಬೇರೆ ಯಾರೋ ತೊಳೆದಿರಬೇಕೆಂದು ಎಲ್ಲರೂ ಅಂದುಕೊಂಡರು. ತಪ್ಪು ಯಾರದೂ ಅಲ್ಲ. ಅದೇ ಅವಳಿಗೆ ಹೆಚ್ಚು ನೋವಿನ ಸಂಗತಿ.

ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಹಲ್ಲಿನ ಡಾಕ್ಟರನ್ನೂ ಭಾನುವಾರ ಚರ್ಚಿನಲ್ಲಿ ಕೈಕುಲುಕುವುದನ್ನೂ ಬಿಟ್ಟರೆ ಅಂದಿನಿಂದ ಅವಳನ್ನು ಯಾರೂ ಮುಟ್ಟಿರಲಿಲ್ಲ. ಒಂದು ಸಲ ಯಾರಾದರೂ ಎದುರಿಗೆ ಮಂಡಿಯೂರಿ ತನ್ನ ಕಾಲನ್ನು ಕೈಗೆ ತೆಗೆದುಕೊಳ್ಳಲಿ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಇದು ಆಸೆಯೋ ಅಹಂಕಾರವೋ ಬಗೆಹರಿದಿರಲಿಲ್ಲ.

ಮಂಡಿಯವರೆಗಿನ ಕಾಲುಚೀಲ, ಸಲೀಸಾಗಿ ಬಿಚ್ಚಲು ಬರುವ ಚಪ್ಪಟೆ ಬೂಟು ತೊಟ್ಟಳು. ತಾನೇ ಅಂಚು ಹೊಲಿದ ಟವೆಲ್ಲುಗಳನ್ನು ಚೀಲಕ್ಕೆ ತುಂಬಿದಳು. ಪ್ರತಿವರ್ಷ ಹದಿಮೂರು. ಈ ಸಲ ಹದಿನಾಲ್ಕು.

ಏಪ್ರಿಲ್ ಬಂದರೂ ಮ್ಯಾನಿಟೋಬಾದ ಬಯಲಿನಲ್ಲಿ ಹಿಮ ಕರಗಿರಲಿಲ್ಲ. ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ನೇಟಾ ಪೆನ್ನರ್ ಆಗಲೇ ಬಂದು ನಿಂತಿದ್ದಳು. ಎಪ್ಪತ್ತೆಂಟರ ಈಕೆ ಊರಿಗೆಲ್ಲ ಅತ್ತೆ. ಎಲ್ಲರೂ ಟಾಂಟೆ ಎಂದೇ ಕರೆಯುವುದು.

"ಬಂದ್ಯಾ ತಾಯಿ. ಆ ದೊಡ್ಡ ಕೆಟಲ್ ಎತ್ತೋಕೆ ನನ್ನ ಕೈಲಾಗ್ತಿಲ್ಲ."

"ಟಾಂಟೆ, ಈ ಸಲ ಬೇರೆ ಯಾರಾದ್ರೂ ನೀರು ನೋಡ್ಕೊಂಡ್ರೆ..."

"ಯಾಕೆ, ಹುಷಾರಿಲ್ವಾ?"

"ಹಾಗೇನಿಲ್ಲ."

"ಮತ್ತೆ?"

ಮತ್ತೆ ಏನು? ನನಗೂ ಯಾರಾದರೂ ತೊಳೆಯಲಿ ಎಂದು ಐವತ್ತೊಂಬತ್ತು ವರ್ಷದ ಹೆಂಗಸು ಹೇಗೆ ಹೇಳುವುದು? ಕೇಳಿ ತೊಳೆಸಿಕೊಂಡರೆ ಅದು ದೀನತೆಯೇ? ಜಸ್ಟೀನಾ ಚೀಲದಿಂದ ಟವೆಲ್ಲುಗಳನ್ನು ತೆಗೆಯತೊಡಗಿದಳು.

ಹೋದ ವರ್ಷ ಅವಳ ನೀರಿನ ಹದವನ್ನು ಎಲ್ಲರೂ ಮೆಚ್ಚಿದ್ದನ್ನು ಟಾಂಟೆ ಹೇಳಿದಳು. ಇನ್ಯಾರಿಗೋ ಬಿಟ್ಟರೆ ಯಾರದಾದರೂ ಕಾಲು ಬೆಂದೀತು ಎಂದಳು. ಕಪಾಟಿನ ಕೆಳಗಿನಿಂದ ಜಸ್ಟೀನಾಳ ಹಳೆಯ ಲೇಸಿನ ಬೂಟುಗಳನ್ನು ಎಳೆದು ಮುಂದಿಟ್ಟಳು. "ನೆಲ ಒದ್ದೆಯಾಗತ್ತೆ, ಇದನ್ನ ಹಾಕ್ಕೋ. ಜಾರಿ ಬಿದ್ರೆ ನಮ್ಮ ಗತಿ ಏನು?"

ಜಸ್ಟೀನಾ ಕುಳಿತು ಲೇಸನ್ನು ಎರಡು ಗಂಟು ಹಾಕಿ ಬಿಗಿದಳು. ಕೆಟಲ್ಲನ್ನು ಒಲೆಗಿಟ್ಟಳು. ಹದಿನಾಲ್ಕನೆಯ ಟವೆಲ್ಲನ್ನು ಮಾತ್ರ ಬೇರೆಯಾಗಿ ಕಪಾಟಿನ ಮೇಲಿಟ್ಟಳು.

ಮೇಲೆ ಬೋಧಕ ಕ್ಲಾಸೆನ್ ಯೇಸು ಮಂಡಿಯೂರಿದ್ದನ್ನು ಬಹಳ ಹೊತ್ತು ವರ್ಣಿಸಿದರು. ತನ್ನ ಕಾಲು ತೊಳೆಯುವುದು ಬೇಡವೆಂದು ಶಿಷ್ಯ ಪೇತ್ರ ಹೇಳಿದ್ದನ್ನು ಒಂದೇ ವಾಕ್ಯದಲ್ಲಿ ದಾಟಿದರು. ಕೊನೆಯ ಬೆಂಚಿನಲ್ಲಿದ್ದ ಜಸ್ಟೀನಾಳಿಗೆ ನೀರು ಕುದಿದುಹೋದೀತೆಂಬ ಚಿಂತೆ.

ಕೆಳಗೆ ಸಂಡೇ ಸ್ಕೂಲಿನ ಪುಟ್ಟ ಕುರ್ಚಿಗಳು ಜೋಡಿಜೋಡಿಯಾಗಿ ಕಾದಿದ್ದವು. ಹೆಂಗಸರು ಪಕ್ಕದಲ್ಲಿ ಸಿಕ್ಕವರ ಜೊತೆ ಕುಳಿತು ಕಾಲುಚೀಲ ಕಳಚಿದರು. ಜಸ್ಟೀನಾ ಬೋಗುಣಿಯಿಂದ ಬೋಗುಣಿಗೆ ನಡೆದಳು. ಯಾರೂ ಮುಖವೆತ್ತಿ ನೋಡಲಿಲ್ಲ. ಅವಳೂ ಕಾಲುಗಳನ್ನಷ್ಟೇ ನೋಡಿದಳು. ಊರಿನ ಹೆಂಗಸರೆಲ್ಲ ಅವಳಿಗೆ ಮೊಣಕಾಲಿನಿಂದ ಕೆಳಗೆ ಚೆನ್ನಾಗಿ ಪರಿಚಯ.

ಆರು ಜೋಡಿಗಳಾದವು. ಕೊನೆಯ ಕುರ್ಚಿಯಲ್ಲಿ ಹೆಲೆನ್ ಗೀಸ್‌ಬ್ರೆಕ್ಟ್ ಒಬ್ಬಳೇ ಉಳಿದಳು. ಜನವರಿಯಲ್ಲಿ ಸೊಂಟದ ಆಪರೇಷನ್ ಆಗಿ, ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಅವಳಿಗೆ ತಡವಾಗಿತ್ತು. ಊರುಗೋಲನ್ನು ಗೋಡೆಗೆ ಒರಗಿಸಿ ಕುಳಿತಿದ್ದಳು.

ಒಂದು ಕಾಲಕ್ಕೆ ಇಬ್ಬರೂ ಬಿಟ್ಟಿರಲಾರದ ಗೆಳತಿಯರು. ಅಮ್ಮ ಹಾಸಿಗೆ ಹಿಡಿದಾಗ ಹೆಲೆನ್ ಕೋಸಿನ ಸೂಪು ಮಾಡಿ ಪಾತ್ರೆಯನ್ನು ತಾನೇ ಹೊತ್ತು ತಂದಿದ್ದಳು. ನಮ್ಮಲ್ಲಿ ಎಲ್ಲಾ ಇದೆ, ಥ್ಯಾಂಕ್ಸ್, ಎಂದು ಜಸ್ಟೀನಾ ಬಾಗಿಲಲ್ಲೇ ನಿಂತು ಹೇಳಿದ್ದಳು. ಮನೆಯಲ್ಲಿ ಏನೂ ಇರಲಿಲ್ಲ. ತುಂಬಿದ ಪಾತ್ರೆ ಹಿಮದಲ್ಲಿ ಹಾಗೇ ವಾಪಸು ಹೋಯಿತು. ಅಂದಿನಿಂದ ಇಬ್ಬರೂ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಿದ್ದರು.

ಜಸ್ಟೀನಾ ಟವೆಲ್ಲನ್ನು ಸೊಂಟಕ್ಕೆ ಸುತ್ತಿ ಅವಳ ಮುಂದೆ ಮಂಡಿಯೂರಿದಳು. ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಹಸು ತುಳಿದದ್ದು. ಅಂದು ಹೆಲೆನ್‌ಳನ್ನು ಬೆನ್ನ ಮೇಲೆ ಹೊತ್ತು ಮನೆ ಮುಟ್ಟಿಸಿದವಳು ಇವಳೇ. ನೀರನ್ನು ಬೊಗಸೆಯಲ್ಲಿ ತೆಗೆದು ಮೆಲ್ಲಗೆ ಸುರಿದಳು.

"ಆ ಹಸು ನೆನಪಿದೆಯಾ?" ಹೆಲೆನ್ ಕೇಳಿದಳು.

"ಇದೆ."

"ನೀನು ದಾರಿಯುದ್ದಕ್ಕೂ ನನಗಿಂತ ಜೋರಾಗಿ ಅತ್ತೆ."

ಜಸ್ಟೀನಾ ಪಾದವನ್ನು ಟವೆಲ್ಲಿನಲ್ಲಿ ಸುತ್ತಿ ಒತ್ತಿ ಒರೆಸಿದಳು. ಏಳಲು ಹೋದಾಗ ಹೆಲೆನ್‌ಳ ಕೈ ಹೆಗಲ ಮೇಲೆ ಬಂತು.

"ಈಗ ನೀನು ಕೂತ್ಕೋ."

"ನಿನ್ನ ಸೊಂಟ..."

"ನನ್ನ ಸೊಂಟದ ಚಿಂತೆ ನಂಗಿರಲಿ. ಬಗ್ಗೋಕೆ ಬರತ್ತೆ. ಕೂತ್ಕೋ ಜಸ್ಟೀನಾ."

ಎದುರಿಗೆ ಖಾಲಿ ಕುರ್ಚಿಯಿತ್ತು. ಕಾದದ್ದು ಇದಕ್ಕೇ, ಬೆಳಿಗ್ಗೆ ಹಿಮ್ಮಡಿ ಉಜ್ಜಿದ್ದೂ ಇದಕ್ಕೇ. ಹೆಗಲ ಮೇಲಿನ ಕೈ ಭಾರವಾಗಿ, ಬೆಚ್ಚಗಿತ್ತು. ಜಸ್ಟೀನಾಳಿಗೆ ಹೆದರಿಕೆಯಾಯಿತು. ಕುಳಿತರೆ ಅಳು ಬರುತ್ತದೆ. ಅತ್ತರೆ ಎಲ್ಲರೂ ತಿರುಗಿ ನೋಡುತ್ತಾರೆ. ಹನ್ನೊಂದು ವರ್ಷದಿಂದ ಏನಾಗಿತ್ತೆಂದು ಆಗ ಎಲ್ಲರಿಗೂ ಗೊತ್ತಾಗುತ್ತದೆ.

"ನಂದಾಯ್ತು," ಎಂದಳು.

"ಆಯ್ತಾ? ಯಾರು ತೊಳೆದ್ರು?"

"ಟಾಂಟೆ. ಆಗ್ಲೇ, ಅಡುಗೆಮನೇಲಿ."

ಹೆಲೆನ್ ಕೆಳಗೆ ನೋಡಿದಳು. ಲೇಸಿನ ಎರಡು ಗಂಟುಗಳನ್ನು ನೋಡಿದಳು. ಕೈಯನ್ನು ನಿಧಾನವಾಗಿ ಹಿಂತೆಗೆದುಕೊಂಡಳು.

"ಒಳ್ಳೇದು," ಎಂದಳು.

ತಬ್ಬಿಕೊಳ್ಳುವುದನ್ನು ಇಬ್ಬರೂ ಮರೆತರು, ಅಥವಾ ಮರೆತವರಂತೆ ಇದ್ದರು. ಜಸ್ಟೀನಾ ಬೋಗುಣಿ ಎತ್ತಿಕೊಂಡು ಹೊರಟಳು.

ಹೆಂಗಸರು ಕಾಫಿಗೆಂದು ಮೇಲೆ ಹೋದರು. ಒದ್ದೆ ಟವೆಲ್ಲುಗಳನ್ನು ಚರ್ಚಿನ ಹಿಂದಿನ ತಂತಿಗೆ ಹಾಕುವುದು ವಾಡಿಕೆ. ಈಸ್ಟರ್ ಭಾನುವಾರದವರೆಗೂ ಅವು ಅಲ್ಲೇ ಇರುತ್ತವೆ. ಕ್ಲಿಪ್ಪು ಕೊಡಲು ಹೆಲೆನ್‌ಳನ್ನು ಕಳಿಸುತ್ತೇನೆ, ನಿಂತು ಮಾಡುವ ಕೆಲಸ ಅವಳಿಗೂ ಒಳ್ಳೆಯದು ಎಂದು ಹೇಳಿ ಟಾಂಟೆಯೂ ಮೆಟ್ಟಿಲು ಹತ್ತಿದಳು.

ಜಸ್ಟೀನಾ ಟವೆಲ್ಲುಗಳನ್ನು ಬುಟ್ಟಿಗೆ ಹಾಕಿದಳು. ಕಪಾಟಿನ ಮೇಲೆ ಹದಿನಾಲ್ಕನೆಯದು ಮಡಿಕೆ ಬಿಚ್ಚದೆ ಕುಳಿತಿತ್ತು. ಚೀಲಕ್ಕೆ ತುರುಕೋಣವೆಂದರೆ ಚೀಲ ಮಹಡಿಯಲ್ಲಿ, ಕೋಟಿನ ಮೊಳೆಯಲ್ಲಿತ್ತು. ಬುಟ್ಟಿಗೆ ಹಾಗೇ ಹಾಕಿದರೆ ಹೆಲೆನ್‌ಳ ಕೈಗೆ ಒಣ ಟವೆಲ್ಲು ಸಿಗುತ್ತದೆ, ಯಾರೂ ತೊಳೆದಿಲ್ಲವೆಂದು ತಿಳಿಯುತ್ತದೆ. ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿಸಿತು. ಟಕ್, ಆಮೇಲೆ ಒಂದು ಹೆಜ್ಜೆ. ಟಕ್, ಇನ್ನೊಂದು ಹೆಜ್ಜೆ.

ಜಸ್ಟೀನಾ ಟವೆಲ್ಲನ್ನು ಕೊಡವಿ ಬೋಗುಣಿಯಲ್ಲಿ ಅದ್ದಿದಳು. ಹೆಲೆನ್‌ಳ ಕಾಲು ತೊಳೆದ ನೀರು ಆರಿತ್ತು, ತಿಳಿಯಾಗಿಯೇ ಇತ್ತು. ಹಿಂಡಲು ಹೊತ್ತಿರಲಿಲ್ಲ. ಅದನ್ನು ಬುಟ್ಟಿಯ ನಡುವೆ ತುರುಕಿದಳು.

"ಬುಟ್ಟಿ ಕೊಡು, ಒಂದು ಕಡೆ ಹಿಡ್ಕೋತೀನಿ," ಎಂದಳು ಹೆಲೆನ್.

"ಬೇಡ, ನಾನೇ ತರ್ತೀನಿ."

ಹೊರಗೆ ಬಿಸಿಲಿತ್ತು, ಶಾಖವಿರಲಿಲ್ಲ. ಗಾಳಿ ಬಯಲಿನಿಂದ ನೇರ ಬೀಸುತ್ತಿತ್ತು. ಹೆಲೆನ್ ಬುಟ್ಟಿಯಿಂದ ಟವೆಲ್ಲುಗಳನ್ನು ಒಂದೊಂದಾಗಿ ತೆಗೆದುಕೊಟ್ಟಳು, ಜಸ್ಟೀನಾ ತಂತಿಗೆ ಹಾಕಿದಳು. ಎಲ್ಲವೂ ನಡುವಿನಲ್ಲಿ ಮಾತ್ರ ತೇವ. ಆರನೆಯದೋ ಏಳನೆಯದೋ ಹೆಲೆನ್‌ಳ ಕೈಯಲ್ಲಿ ತುದಿಯಿಂದ ತುದಿಗೆ ತೊಟ್ಟಿಕ್ಕುತ್ತಿತ್ತು. ಅವಳ ಕೋಟಿನ ತೋಳು ನೆನೆಯಿತು.

"ಇದು ಚೆನ್ನಾಗಿ ನೆನೆದಿದೆ," ಎಂದಳು.

"ಹೌದು."

ಹೆಲೆನ್ ಅದನ್ನು ಅವಳಿಗೆ ಕೊಡಲಿಲ್ಲ. ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸುಕ್ಕು ಬಿಡಿಸಿ, ತಾನೇ ತಂತಿಗೆ ಹಾಕಿ ಎರಡು ಕ್ಲಿಪ್ಪು ಕಚ್ಚಿಸಿದಳು. ನಾಳೆ ಇನ್ನೂ ಚಳಿ ಜಾಸ್ತಿಯಂತೆ ಎಂದಳು. ಹಾಗಂತೆ ಎಂದಳು ಜಸ್ಟೀನಾ.

ಬುಟ್ಟಿ ಖಾಲಿಯಾಯಿತು. ಹೆಲೆನ್ ಒಳಗೆ ಹೋದಳು. ಜಸ್ಟೀನಾ ಒದ್ದೆ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡು ನಿಂತಳು. ಹದಿಮೂರು ಟವೆಲ್ಲುಗಳು ಗಾಳಿಗೆ ಹಾರುತ್ತ, ಒಂದಕ್ಕೊಂದು ತಾಗುತ್ತ, ಬಿಡಿಸಿಕೊಳ್ಳುತ್ತ ಇದ್ದವು. ನಡುವಿನದು ಮಾತ್ರ ಆಗಲೇ ಹೆಪ್ಪುಗಟ್ಟಿ, ಹಲಗೆಯಂತೆ ಸೆಟೆದು, ನೆಟ್ಟಗೆ ನಿಂತಿತ್ತು.