ಬಾಸಿಲ್‌ಗೆ ಇದ್ದದ್ದು ಹೆದರಿಕೆಯಲ್ಲ

ಫಳ್ನೀರ್‌ನಲ್ಲಿ ಮದುವೆಯ ಸೂಟು ಹೊಲಿಯುವ ಬಾಸಿಲ್‌ಗೆ ಐವತ್ತೈದು ದಾಟಿದ ಮೇಲೆ ಒಂದು ವಿಚಿತ್ರ ಕಾಟ ಶುರುವಾಯಿತು. ಬಟ್ಟೆ ಕತ್ತರಿಸಲು ಮೇಜಿಗೆ ಹೊಟ್ಟೆಯೊತ್ತಿ ಬಗ್ಗಿದಾಗ ಒಮ್ಮೊಮ್ಮೆ ಎದೆ ಡವಡವ ಬಡಿದುಕೊಳ್ಳುತ್ತಿತ್ತು, ತಲೆ ಸಿಡಿಯುತ್ತಿತ್ತು, ಮುಖ ಬಿಳಿಚಿ ಅಂಗಿ ಬೆವರಿನಲ್ಲಿ ತೊಯ್ಯುತ್ತಿತ್ತು. ಹತ್ತು ನಿಮಿಷ ಕಳೆದರೆ ಏನೂ ಇಲ್ಲ. ಮೊದಲು ನೋಡಿದ ವೈದ್ಯರು ಮಾನಸಿಕ ಒತ್ತಡವೆಂದು ನಿದ್ದೆಯ ಮಾತ್ರೆ ಕೊಟ್ಟರು. ತಾನು ಪುಕ್ಕಲನಾಗಿಬಿಟ್ಟೆ ಎಂಬ ನಾಚಿಕೆಯಲ್ಲಿ ಬಾಸಿಲ್ ಗಿರಾಕಿಗಳ ಮುಖ ನೋಡುವುದನ್ನೇ ಬಿಟ್ಟ.

ಹೆಂಡತಿ ಫ್ಲಾವಿಯಾ ಕುವೈತಿನಲ್ಲಿ ಹದಿನೈದು ವರ್ಷ ನರ್ಸ್ ಆಗಿದ್ದವಳು. ಒತ್ತಡದ ಮಾತನ್ನು ಅವಳು ನಂಬಲಿಲ್ಲ. ಮಗಳು ಟಾನ್ಯಾ ಹುಟ್ಟುವಾಗಲೂ ಆಸ್ಪತ್ರೆಯ ಬೆಂಚಿನ ಮೇಲೆ ಗೊರಕೆ ಹೊಡೆದ ಮನುಷ್ಯ ಇವನು. ಬಿ.ಪಿ. ಯಂತ್ರ ಹಿಡಿದುಕೊಂಡು ಅವಳು ಅಂಗಡಿಯಲ್ಲೇ ಕುಳಿತಳು. ಐದನೆಯ ದಿನ ಕಾಟ ಬಂದಾಗ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಇನ್ನೂರ ಮೂವತ್ತು. ಅರ್ಧ ಗಂಟೆಯ ನಂತರ ನೂರ ನಲವತ್ತು.

ಇದನ್ನು ಬರೆದುಕೊಂಡು ಇಬ್ಬರೂ ಕಂಕನಾಡಿಯಲ್ಲಿ ಡಾಕ್ಟರ್ ಮನ್ವಿತಾರನ್ನು ಕಂಡರು. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಆಯಿತು. ಬಲ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆ ಕಂಡಿತು.

"ಹೆದರಿದಾಗ ಬರುವ ಹಾರ್ಮೋನನ್ನು ಈ ಗಡ್ಡೆ ಹೊಟ್ಟೆ ಒತ್ತಿದಾಗ ಸುಮ್ಮನೆ ಸುರೀತಾ ಉಂಟು," ಎಂದರು ಡಾಕ್ಟರು. "ನೀವು ಹೆದರಿದ್ದಲ್ಲ."

ಬಾಸಿಲ್ ಕಣ್ಣೊರೆಸಿಕೊಂಡ. ಗಡ್ಡೆಯ ಸುದ್ದಿ ಕೇಳಿ ಇಷ್ಟು ಹಗುರಾದ ರೋಗಿಯನ್ನು ಡಾಕ್ಟರು ಅದುವರೆಗೆ ಕಂಡಿರಲಿಕ್ಕಿಲ್ಲ.

ಕೂಡಲೇ ಆಪರೇಷನ್ ಮಾಡುವಂತಿರಲಿಲ್ಲ, ಬಿ.ಪಿ. ಕೈಮೀರುವ ಭಯವಿತ್ತು. ಅದಕ್ಕೆ ಮೊದಲು ಎರಡು ವಾರ ರಕ್ತನಾಳ ಸಡಿಲಿಸುವ ಮಾತ್ರೆ, ಜೊತೆಗೆ ಧಾರಾಳ ನೀರು, ಉಪ್ಪು. ಆ ಮಾತ್ರೆಗೆ ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಫ್ಲಾವಿಯಾ ಪ್ರತಿ ಬೆಳಿಗ್ಗೆ ಅವನನ್ನು ಮಂಚದಂಚಿಗೆ ಕೂರಿಸಿ, ಸ್ವಲ್ಪ ಹೊತ್ತು ಕಾದು, ಎರಡೂ ಕೈ ಹಿಡಿದು ನಿಲ್ಲಿಸುತ್ತಿದ್ದಳು.

ಆಪರೇಷನ್ ಥಿಯೇಟರಿಗೆ ಒಯ್ಯುವಾಗ ಅವನು, "ಫ್ಲಾವಿ, ಈಗ ನಿಜವಾಗಿ ಹೆದರಿಕೆ ಆಗ್ತಾ ಉಂಟು ಮಾರಾಯ್ತಿ," ಎಂದ.

"ನನಗೂ," ಎಂದಳು ಅವಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

ಗಡ್ಡೆ ತೆಗೆದ ಮೇಲೆ ಬಿ.ಪಿ. ತೀರಾ ಕುಸಿದು, ಒಂದು ದಿನ ಐ.ಸಿ.ಯು.ನಲ್ಲಿ ಇಡಬೇಕಾಯಿತು. ಐದನೆಯ ದಿನ ಬಾಸಿಲ್ ಮನೆಗೆ ಬಂದ. ಇದು ವಂಶದಲ್ಲಿ ಬರುವುದೂ ಉಂಟೆಂದು ಡಾಕ್ಟರು ಟಾನ್ಯಾಳನ್ನೂ ಪರೀಕ್ಷಿಸಿದರು. ಅವಳಿಗೆ ಏನೂ ಇರಲಿಲ್ಲ.

ಬಾಸಿಲ್ ಈಗಲೂ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಗೆ ಹೋಗುತ್ತಾನೆ. ವರದಿ ಸರಿ ಇದ್ದರೆ ಗಂಡ ಹೆಂಡತಿ ಒಂದೇ ಗಡ್‌ಬಡ್ ಐಸ್‌ಕ್ರೀಂಗೆ ಎರಡು ಚಮಚ ಕೇಳಿ, ನಿಧಾನವಾಗಿ ತಿಂದು ಮನೆಗೆ ಬರುತ್ತಾರೆ.